ಹಂಪವ್ವನ ಹೆಬ್ಬೆರಳು

ಫಕ್ರುನ್ನೀಸಾ ಹರಿಹರದವಳು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಅವಳದೊಂದು ಚಿಕ್ಕ ಬ್ಯೂಟಿ ಪಾರ್ಲರ್. ದಿನಾ ಬಸ್ಸಿನಲ್ಲಿ ಬಂದು ಬಾಗಿಲು ತೆಗೆಯುತ್ತಿದ್ದಳು. ಎಂಬತ್ತಾರನೇ ಇಸವಿಯಲ್ಲಿ ತಮ್ಮ ಹಿದಾಯತ್ ಕುವೈತಿನಿಂದ ಉಗುರು ಉಜ್ಜುವ ಕರೆಂಟಿನ ಮಷೀನು ತಂದುಕೊಟ್ಟ. ಜೊತೆಗೆ ತುದಿಗೆ ಸಿಕ್ಕಿಸುವ ಐದು ಬಿಟ್ಟುಗಳು, ಒರಟಿನಿಂದ ನುಣುಪಿನವರೆಗೆ ಉಜ್ಜುವ ತುಂಡುಗಳು. ಯಾವ ಉಗುರಿಗೆ ಯಾವುದೆಂದು ತಿಳಿಸುವ ಕಾಗದವೇನೋ ಇತ್ತು, ಜಪಾನಿ ಭಾಷೆಯಲ್ಲಿ. ಅದನ್ನು ಓದುವ ಪುಣ್ಯಾತ್ಮರು ನಮ್ಮೂರಲ್ಲಿ ಎಲ್ಲಿಂದ ಬರಬೇಕು? ಅವಳೇ ಒಂದು ದಾರಿ ಕಂಡುಕೊಂಡಳು: ತರಿತರಿಯಾದದ್ದರಿಂದ ಶುರು ಮಾಡುವುದು, ಕೂತವರು "ಸ್" ಎಂದ ಕೂಡಲೇ ನುಣುಪಿನದಕ್ಕೆ ಬದಲಾಯಿಸುವುದು. ಮೂರು ತಿಂಗಳು ಒಂದು ತಪ್ಪೂ ಆಗಲಿಲ್ಲ. ಸ್ವಲ್ಪ ಸೊಕ್ಕೂ ಬಂತು.

ಶಾಮನೂರಿನ ಹಂಪವ್ವ ಬಂದದ್ದು ಬಲಗಾಲಿನ ಹೆಬ್ಬೆರಳು ತೋರಿಸಲಿಕ್ಕೆ. ಹೊಲದಲ್ಲಿ ಸವೆದ ಕಾಲು. ಉಗುರು ಎಮ್ಮೆಯ ಗೊರಸಿನಂತೆ ದಪ್ಪಗಾಗಿ, ಬ್ಲೇಡಿಗೂ ಬಗ್ಗದೆ, ಚಪ್ಪಲಿ ಮೆಟ್ಟಲು ಬಿಡುತ್ತಿರಲಿಲ್ಲ. ಫಕ್ರುನ್ನೀಸಾ ಚಹಾ ತರಿಸಿದಳು.

"ನಂಗೆ ಸಕ್ರಿ ಬ್ಯಾಡ ಬೂಬಮ್ಮ," ಎಂದಳು ಮುದುಕಿ.

ಏನೋ ಹರಕೆ ಇರಬೇಕು ಎಂದುಕೊಂಡಳು ಫಕ್ರುನ್ನೀಸಾ. ಅಷ್ಟೂ ತಿಳಿಯಬಾರದೇ? ತಿಳಿಯಲಿಲ್ಲ.

ಎಲ್ಲಕ್ಕಿಂತ ಒರಟಾದ ಬಿಟ್ಟು ಹಾಕಿ ಉಜ್ಜಿದಳು. ಮುದುಕಿ "ಸ್" ಎನ್ನಲೇ ಇಲ್ಲ. ಸೊಸೆಯ ಸುದ್ದಿ, ಎಮ್ಮೆಯ ಸುದ್ದಿ ಹೇಳುತ್ತಾ, "ಉಜ್ಜಿದ್ದೇ ಗೊತ್ತಾಗಲ್ಲ ನೋಡವ್ವ, ನಿನ್ನ ಕೈ ಹೂವಿನಂಗೈತೆ," ಎಂದು ಹೊಗಳಿದಳು. ಫಕ್ರುನ್ನೀಸಾ ಉಬ್ಬಿಹೋಗಿ ಇನ್ನಷ್ಟು ಒತ್ತಿದಳು. ಕೆಳಗೆ ಹಾಸಿದ್ದ ಬಿಳಿ ಟವಲು ಕೆಂಪಾದಾಗಲೇ ಅವಳಿಗೆ ಆ ಸಕ್ಕರೆಯ ಮಾತು ಅರ್ಥವಾದದ್ದು. ಅದು ಸಕ್ಕರೆ ಕಾಯಿಲೆಯ ಕಾಲು. ಅದಕ್ಕೆ ನೋವೇ ತಿಳಿಯುತ್ತಿರಲಿಲ್ಲ.

ಎಂಟು ದಿನಕ್ಕೆ ಬೆರಳು ಕಪ್ಪಾಯಿತು. ಆಸ್ಪತ್ರೆಯಲ್ಲಿ ಬೆರಳು ತೆಗೆದರು. ನಂಜು ಮೇಲಕ್ಕೇರಿದರೆ ಮೊಣಕಾಲಿನವರೆಗೂ ತೆಗೆಯಬೇಕಾದೀತು ಎಂದರು ಡಾಕ್ಟರು. ಫಕ್ರುನ್ನೀಸಾ ಪಾರ್ಲರಿಗೆ ಬೀಗ ಹಾಕಿ ಆಸ್ಪತ್ರೆಯ ವರಾಂಡದಲ್ಲಿ ಕೂತಳು. ಯಾ ಅಲ್ಲಾ, ಆ ಕಾಲೊಂದು ಉಳಿಸು, ಬೇಕಾದರೆ ನನ್ನ ಕೈ ತಗೋ ಎಂದು ಗೋಗರೆದಳು. ಹಂಪವ್ವನ ಮಗ ಕಲ್ಲಪ್ಪ ಎದುರಾದಾಗಲೆಲ್ಲ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು.

"ಚಪ್ಪಲಿ ಕಚ್ಚಿ ಹಿಂಗಾತಂತ್ರಿ. ದಿನಾ ನೋಡಾಕೆ ಬರ್ತೀರಲ್ಲ, ದೊಡ್ಡ ಮನಸ್ಸು ನಿಮ್ದು," ಎಂದ ಅವನು.

ಹಂಪವ್ವ ಮಗನಿಗೆ ಸುಳ್ಳು ಹೇಳಿದ್ದಳು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಫಕ್ರುನ್ನೀಸಾ ಆ ಸುಳ್ಳನ್ನೇ ಹೊದ್ದುಕೊಂಡು ಮರುದಿನವೂ ಬಂದು ವರಾಂಡದಲ್ಲಿ ಕೂತಳು.

ಕಾಲು ಉಳಿಯಿತು. ಎರಡು ತಿಂಗಳಾದ ಮೇಲೆ ಹಂಪವ್ವ ಕೋಲೂರಿಕೊಂಡು ಪಾರ್ಲರಿಗೆ ಬಂದು ಎಡಗಾಲನ್ನು ಮುಂದೆ ಚಾಚಿದಳು. ಆ ಹೆಬ್ಬೆರಳ ಉಗುರೂ ಗೊರಸಾಗಿತ್ತು.

"ಇದನ್ನೂ ತೆಳ್ಳಗೆ ಮಾಡವ್ವ."

"ಅಜ್ಜಿ, ನನ್ನ ಕೈಲಿ ಆಗಲ್ರಿ! ನಿಮ್ಮ ಬೆರಳು ತಿಂದ ಕೈ ಇದು."

"ಇನ್ಯಾರ ಹತ್ರ ಹೋಗ್ಲಿ? ಕುಡುಗೋಲಿನಾಗೆ ಕೆತ್ಕೊಳ್ಳೇನು?"

ಫಕ್ರುನ್ನೀಸಾ ಬಿಕ್ಕಿಬಿಕ್ಕಿ ಅತ್ತಳು. ಅತ್ತು, ಎಲ್ಲಕ್ಕಿಂತ ನುಣುಪಾದ ಬಿಟ್ಟು ಸಿಕ್ಕಿಸಿ, ಮೊದಲು ತನ್ನ ಎಡಗೈ ಹೆಬ್ಬೆರಳ ಉಗುರಿಗೇ ಹಿಡಿದಳು.

"ನಿಮಗೆ ತಿಳಿಯಲ್ಲ ಅಜ್ಜಿ. ನಂಗಾದ್ರೂ ತಿಳೀಲಿ."

ತನ್ನ ಉಗುರಿಗೆ ಒಂದು ಸಲ, ಅಜ್ಜಿಯ ಉಗುರಿಗೆ ಒಂದು ಸಲ. ತನಗೆ ಚುರುಕ್ ಎಂದ ಕೂಡಲೇ ನಿಲ್ಲಿಸಿ, ಕಾಲು ಒರೆಸಿ, ಮತ್ತೆ ಶುರು. ಸಂಜೆಗೆ ಹಂಪವ್ವ ಎಡಗಾಲಿಗೆ ಚಪ್ಪಲಿ ಮೆಟ್ಟಿ ಊರಿಗೆ ಹೊರಟಳು. ಫಕ್ರುನ್ನೀಸಾ ಒಂದು ವಾರ ಉರಿಯುವ ತನ್ನ ಹೆಬ್ಬೆರಳಿಗೆ ನೀರು ತಾಗಿಸಲಿಲ್ಲ.