ಅಡುಗೆಮನೆ ಕೇಳಿಸುತ್ತಿದ್ದ ಕ್ಯಾಸೆಟ್ಟು

ಆಗಿನ ಕಾಲ ಎಂದ ತಕ್ಷಣ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿಬಿಡುತ್ತದೆ. ಆ ಮಾತನ್ನು ಬಳಸಲು ನನಗೆ ದಣಿವು. ಆದರೂ ಬೇರೆ ಹೇಗೆ ಶುರು ಮಾಡುವುದೋ ತಿಳಿಯದು. ಆಗ ನಾವು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ, ಟೂವಾಂಗ್ ಎಂಬ ಬಡಾವಣೆಯಲ್ಲಿದ್ದೆವು, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮರದ ಕಂಬಗಳ ಮೇಲೆ ನಿಂತ ಬಾಡಿಗೆ ಮನೆ, ಕಂಬಗಳ ನಡುವೆ ಅಪ್ಪನ ಕಾರು, ಹಿತ್ತಿಲಲ್ಲಿ ದೇವಕಣಗಿಲೆ ಮರ. ಬಿದ್ದ ಹೂವಿನ ವಾಸನೆ ಒಗ್ಗರಣೆಯ ವಾಸನೆಯೊಂದಿಗೆ ಬೆರೆತು ಬರುತ್ತಿತ್ತು ಎಂದು ಬರೆಯಹೊರಟಿದ್ದೆ. ಮರ ಇದ್ದದ್ದು ಪಕ್ಕದ ಮನೆಯಲ್ಲಿ ಎಂದು ನನ್ನ ತಮ್ಮ ಹೇಳುತ್ತಾನೆ. ಇರಲಿ.

ಅಪ್ಪ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಊರಿನಲ್ಲಿದ್ದ ಕನ್ನಡದ ಡಾಕ್ಟರ ಮನೆಯವರನ್ನೆಲ್ಲ ಒಂದೇ ವರಾಂಡದಲ್ಲಿ ಕೂರಿಸಬಹುದಿತ್ತು. ಶನಿವಾರ ಮಧ್ಯಾಹ್ನ ಎಲ್ಲರೂ ನಮ್ಮಲ್ಲಿಗೆ ಬರುತ್ತಿದ್ದರು. ಅಮ್ಮ ದಪ್ಪ ಸೆಮೊಲಿನಾದಲ್ಲಿ ಉಪ್ಪಿಟ್ಟು ಮಾಡುತ್ತಿದ್ದಳು, ಒಣ ತೆಂಗಿನತುರಿಯನ್ನು ಬಿಸಿನೀರಲ್ಲಿ ನೆನೆಸಿ ಚಟ್ನಿ ರುಬ್ಬುತ್ತಿದ್ದಳು. ನಾವು ಮಕ್ಕಳು ಕಸದ ಡಬ್ಬಿಯನ್ನು ವಿಕೆಟ್ ಮಾಡಿಕೊಂಡು ಆಡಿ, ಬೆವರಿ, ಒಳಗೆ ಬಂದು ಫ್ಯಾನಿನ ಕೆಳಗೆ ಮಲಗುತ್ತಿದ್ದೆವು. ಆಮೇಲೆ ಹಾಡಿನ ಪರೀಕ್ಷೆ.

ಪರೀಕ್ಷೆಯ ನಿಯಮ ಅಪ್ಪನದು. ಕ್ಯಾಸೆಟ್ಟಿನಲ್ಲಿ ಹಾಡಿನ ಮೊದಲಿನ ವಾದ್ಯ ಮಾತ್ರ ಕೇಳಿಸುತ್ತಿದ್ದ. ಹಾಡುವವರು ಬಾಯಿ ತೆರೆಯುವ ಮೊದಲು ಯಾವ ಹಾಡು, ಯಾವ ಚಿತ್ರ, ಯಾರ ಸಂಗೀತ ಎಂದು ಹೇಳಬೇಕು. ಎಲ್ಲವೂ ಎಪ್ಪತ್ತರ ದಶಕದ ಸಿನಿಮಾ ಹಾಡುಗಳು. ದೊಡ್ಡವರು ದೇಶ ಬಿಟ್ಟದ್ದು ಆ ದಶಕದ ಕೊನೆಯಲ್ಲಿ. ಅದರಾಚೆಗೆ ಬಂದ ಹಾಡು ಅವರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾರೂ ಅದನ್ನು ಕೇಳುತ್ತಿರಲಿಲ್ಲ. ಗೆದ್ದವರಿಗೆ ಮೈಸೂರ್‌ಪಾಕಿನ ಅಂಚಿನ ತುಂಡು. ಹೆಚ್ಚಾಗಿ ಗೆಲ್ಲುತ್ತಿದ್ದವಳು ಅಮ್ಮ.

ಮಕ್ಕಳೂ ಗೆಲ್ಲುತ್ತಿದ್ದೆವು. ಅದರಲ್ಲಿ ಒಂದು ಗುಟ್ಟಿತ್ತು. ಆ ಕ್ಯಾಸೆಟ್ಟುಗಳನ್ನು ಮಾಡಿ ಕಳಿಸಿದವನು ಮೈಸೂರಿನ ರಘು ಮಾವ, ಅಮ್ಮನ ತಮ್ಮ. ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತುತ್ತಿದ್ದ. ಹಾಡಿನ ಜೊತೆ ಮನೆಯೂ ಒಳಗೆ ಬರುತ್ತಿತ್ತು. ಕುಕ್ಕರ್ ಕೂಗು, ಬೀದಿಯ ಸೈಕಲ್ ಗಂಟೆ, ಯಾರೋ ಕೆಮ್ಮಿದ್ದು. ಒಂದು ಹಾಡಿನ ನಡುವಿನ ಪಿಟೀಲಿನ ಮೇಲೆ ಅಜ್ಜಿಯ ದನಿ, ಒಂದೇ ಒಂದು ವಾಕ್ಯ. ನಾವು ಹಾಡುಗಳನ್ನು ಗುರುತಿಸುತ್ತಿದ್ದದ್ದು ಈ ಸದ್ದುಗಳಿಂದ. ಕುಕ್ಕರ್ ಒಂದು ವಾದ್ಯ ಎಂದೇ ನಾನು ಬಹಳ ದಿನ ನಂಬಿದ್ದೆ.

"ಐ ನೋ, ಐ ನೋ, ಸೈಕಲ್ ಸಾಂಗ್," ಎಂದು ತಮ್ಮ ಎದ್ದು ಕುಣಿಯುತ್ತಿದ್ದ.

"ಸೈಕಲ್ ಅಲ್ಲಪ್ಪ, ಚಿತ್ರದ ಹೆಸರು ಹೇಳು. ಕನ್ನಡದಲ್ಲಿ," ಎನ್ನುತ್ತಿದ್ದ ಅಪ್ಪ.

"ಕಾಂಟ್ ಸೇ ಇಟ್, ಬಟ್ ಐ ನೋ ಇಟ್."

"ನಿಂಗೆ ಅರ್ಧ ಮಾರ್ಕು. ಹೋಗು, ಕೈ ತೊಳ್ಕೊಂಡು ಬಾ."

ಒಂದು ವರ್ಷ ಅಜ್ಜಿ ತೀರಿಕೊಂಡಳು. ತಂತಿ ನಮ್ಮ ಕೈಸೇರುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು. ಅಮ್ಮ ಹೋಗಲಿಲ್ಲ. ಅತ್ತಳೋ ಇಲ್ಲವೋ ನನಗೆ ನೆನಪಿಲ್ಲ. ಅತ್ತಳು ಎಂದು ಬರೆದರೆ ಓದುವವರಿಗೆ ಸಮಾಧಾನ, ಅಷ್ಟೇ. ನನಗೆ ನೆನಪಿರುವುದು ಅವಳು ಅಜ್ಜಿಯ ದನಿಯಿದ್ದ ಆ ಒಂದು ಹಾಡನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ ಕೇಳುತ್ತಿದ್ದದ್ದು. ಟೇಪು ಸವೆದು ಎಳೆಯತೊಡಗಿತು. ಹಾಡು ಹೇಳುವವರು ನಿದ್ದೆಗಣ್ಣಿನಲ್ಲಿದ್ದಂತೆ ಕೇಳಿಸುತ್ತಿತ್ತು.

ಆ ಬೇಸಿಗೆಯಲ್ಲಿ ಅಪ್ಪನ ಆಸ್ಪತ್ರೆಗೆ ಸ್ಟ್ಯಾನಿ ಅಂಕಲ್ ಬಂದರು. ಮಂಗಳೂರಿನವರು, ಇನ್ನೂ ಮದುವೆಯಾಗಿರಲಿಲ್ಲ, ನಗುಮುಖ. ಅವರ ಹತ್ತಿರ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರೂ ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಅಚ್ಚುಕಟ್ಟಾದ ಕ್ಯಾಸೆಟ್ಟುಗಳೂ ಇದ್ದವು. ನಮ್ಮ ಪರೀಕ್ಷೆ ನೋಡಿ ಅವರಿಗೆ ನಗು.

"ಡಾಕ್ಟ್ರೇ, ಇದೇನ್ರೀ, ಹಾಡಿಗಿಂತ ಅಡುಗೆಮನೆ ಜಾಸ್ತಿ ಇದೆ. ಕೊಡಿ ಇಲ್ಲಿ, ನನ್ನತ್ರ ಇದೇ ಹಾಡೆಲ್ಲ ಕ್ಲೀನಾಗಿದೆ. ಮಾಡ್ಕೊಡ್ತೀನಿ."

ಅಪ್ಪ ಆ ಎಳೆಯುತ್ತಿದ್ದ ಕ್ಯಾಸೆಟ್ಟನ್ನು ಕೊಟ್ಟ. ಅಮ್ಮನಿಗೆ ಖುಷಿಯಾಗಲಿ ಎಂದೇ ಕೊಟ್ಟದ್ದು. ಅವಳಿಗೆ ಬೇಕಾದದ್ದು ಹಾಡು ಎಂದು ಅವನು ತಿಳಿದಿದ್ದ.

ಮುಂದಿನ ಶನಿವಾರ ಆ ಕ್ಯಾಸೆಟ್ಟು ವಾಪಸು ಬಂತು. ಪರೀಕ್ಷೆಯಲ್ಲಿ ಅಪ್ಪ ಅದನ್ನೇ ಹಾಕಿದ. ವಾದ್ಯ ಶುರುವಾಯಿತು. ನಾವು ಮಕ್ಕಳು ಮುಖ ಮುಖ ನೋಡಿಕೊಂಡೆವು. "ವಿ ಹ್ಯಾವಂಟ್ ಗಾಟ್ ದಿಸ್ ಒನ್," ಎಂದೆ ನಾನು. ಉಳಿದವರು ಅಮ್ಮನ ಉತ್ತರಕ್ಕೆ ಕಾದರು. ಹಾಡು ಶುರುವಾಗಿ ಪಲ್ಲವಿ ಮುಗಿದು ಪಿಟೀಲು ಬಂತು. ಅವಳು ಚಟ್ನಿ ಬಡಿಸುವ ಚಮಚ ಹಿಡಿದು ನಿಂತಿದ್ದಳು. ಪಿಟೀಲು ತನ್ನಷ್ಟಕ್ಕೆ ಮುಗಿಯಿತು. ಅಜ್ಜಿ ಮಾತಾಡಲಿಲ್ಲ.

"ನಮ್ಮ ಟೇಪ್ ಎಲ್ಲಿ, ಸ್ಟ್ಯಾನಿ?"

"ಇದೇ ಅಕ್ಕಾ. ಅದರ ಮೇಲೇನೇ ಮಾಡಿದ್ದು. ಗಲಾಟೆ ಎಲ್ಲ ಹೋಯ್ತು ನೋಡಿ, ಎಷ್ಟು ಕ್ಲಿಯರ್ ಬಂದಿದೆ."

"ಹೂಂ. ಚೆನ್ನಾಗಿ ಬಂದಿದೆ," ಎಂದಳು ಅಮ್ಮ. "ಇನ್ನೊಂದ್ ಸ್ವಲ್ಪ ಉಪ್ಪಿಟ್ಟು ಹಾಕ್ಲಾ?"

ಅವರು ಹಾಕಿಸಿಕೊಂಡರು. ಅವರಿಗೆ ಯಾರೂ ಏನೂ ಹೇಳಲಿಲ್ಲ, ಆ ದಿನವೂ, ಆಮೇಲೂ. ಉಪಕಾರ ಮಾಡಿದವರನ್ನು ನೋಯಿಸುವುದು ನಮ್ಮ ಮನೆಯ ಪದ್ಧತಿಯಲ್ಲಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಪ್ಪ ತಟ್ಟೆ ತೊಳೆಯುತ್ತ, "ಹಾಲು ಉಕ್ತಿದೆ ನೋಡೇ ಅಂತ ಅಲ್ವಾ ಅತ್ತೆ ಹೇಳಿದ್ದು? ಅಷ್ಟು ನೆನಪಿದೆಯಲ್ಲ ನಮಗೆ," ಎಂದ. ಸಮಾಧಾನ ಮಾಡಲು ಹೊರಟದ್ದು.

"ಹಾಲಲ್ಲ. ನಲ್ಲೀಲಿ ನೀರು ಬಂತು ಅಂದಿದ್ದು," ಎಂದಳು ಅಮ್ಮ.

"ಇಲ್ಲ ಕಣೇ, ಹಾಲೇ."

"ನಮ್ಮಮ್ಮ ಹೇಳಿದ್ದು ನಂಗೊತ್ತಿಲ್ವಾ?"

ತಮ್ಮನನ್ನು ಕೇಳಿದರು. ಅಜ್ಜಿ ಮಾತೇ ಆಡಿರಲಿಲ್ಲ, ನಕ್ಕಿದ್ದಳು ಎಂದ. ನನ್ನನ್ನು ಕೇಳಿದರು. ಬಾಗಿಲಲ್ಲಿ ಯಾರೋ ಬಂದಿದ್ದಾರೆ ಎಂದಿದ್ದಳು ಎಂದೆ. ಈಗಲೂ ನನ್ನ ಕಿವಿಗೆ ಹಾಗೆಯೇ ಕೇಳಿಸುತ್ತದೆ, ಆದರೆ ನನ್ನ ಕಿವಿಯನ್ನು ನಾನು ನಂಬುವುದಿಲ್ಲ. ಅಷ್ಟು ಸಲ ಕೇಳಿದ್ದೆವು. ಸ್ವಂತ ಮನೆಯ ಸದ್ದನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ? ಎರಡು ದಿನ ಕಳೆಯುವಷ್ಟರಲ್ಲಿ ಅಮ್ಮನೇ, "ಹಾಲು ಅಂತ್ಲೇ ಅಂದಿರಬಹುದು," ಎನ್ನತೊಡಗಿದಳು. ಅವಳು ಹಾಗೆ ಒಪ್ಪಿಕೊಂಡದ್ದು ಅಪ್ಪನನ್ನು ಹೆದರಿಸಿತು.

ಅವನು ಅಡಿಲೇಡಿಗೆ ಟ್ರಂಕ್ ಕಾಲ್ ಮಾಡಿದ. ಅಲ್ಲಿ ಇಕ್ಬಾಲ್ ಅಂಕಲ್ ಇದ್ದರು, ಅಪ್ಪನ ಜೊತೆ ಮೈಸೂರಿನಲ್ಲಿ ಓದಿದ ಮಕ್ಕಳ ಡಾಕ್ಟರು. ಆಗ ಕ್ಯಾಸೆಟ್ಟುಗಳು ಅಂಚೆಯಲ್ಲಿ ಊರಿಂದೂರಿಗೆ ತಿರುಗುತ್ತಿದ್ದವು. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿಕೊಂಡು ವಾಪಸು ಕಳಿಸುವುದು ವಾಡಿಕೆ. ನಮ್ಮ ಕ್ಯಾಸೆಟ್ಟೂ ಅಡಿಲೇಡ್, ಪರ್ತ್ ನೋಡಿ ಬಂದಿತ್ತು.

ಇಕ್ಬಾಲ್ ಅಂಕಲ್ ದನಿ ಫೋನಿನಿಂದ ಹೊರಗೂ ಕೇಳಿಸುತ್ತಿತ್ತು. "ಇದೆ ಕಣೋ, ಇದೆ. ಆದ್ರೆ ನಿಮ್ಮನೆ ಕುಕ್ಕರ್ರು, ಮಾತುಕತೆ, ಒಂದೂ ಇಲ್ಲ. ಸದ್ದು ಬಂದಾಗೆಲ್ಲ ನಿಲ್ಲಿಸಿ ನಿಲ್ಲಿಸಿ ಮಾಡಿದ್ದೀನಿ. ಒಂದು ಭಾನುವಾರ ಪೂರ್ತಿ ಹೋಯ್ತು. ಹಾಡು ಅಲ್ಲಲ್ಲಿ ಜಿಗಿಯುತ್ತೆ, ಅಷ್ಟೇ."

ಉಳಿದದ್ದು ಪರ್ತಿನ ಪದ್ಮ ಆಂಟಿ ಮನೆ. ಊರಂಚಿನ ಕ್ಯಾನಿಂಗ್ ವೇಲ್ ಕಡೆ, ಆಗ ಅಲ್ಲೆಲ್ಲ ಬರೀ ಮರಳು ಮತ್ತು ಹೊಸ ಬೇಲಿ. ಅವರು ಏನನ್ನೂ ಕತ್ತರಿಸಿಲ್ಲ ಎಂದರು. ಕತ್ತರಿಸಲು ಅವರಿಗೆ ಗೊತ್ತೂ ಇರಲಿಲ್ಲ. ಎರಡು ಟೇಪ್ ರೆಕಾರ್ಡರುಗಳನ್ನು ಎದುರುಬದುರು ಇಟ್ಟು, ಒಂದು ಹಾಡುವಾಗ ಇನ್ನೊಂದರ ಗುಂಡಿ ಒತ್ತಿ, ಬಾಗಿಲೆಳೆದುಕೊಂಡು ಹೋಗಿದ್ದರಂತೆ. ಅಮ್ಮನ ಮುಖದಲ್ಲಿ ಬಹಳ ದಿನದ ಮೇಲೆ ಏನೋ ಸಡಿಲವಾಯಿತು.

ಪರ್ತಿನಿಂದ ಪೊಟ್ಟಣ ಬಂದ ದಿನ ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಅಪ್ಪ ಕೆಲಸದಲ್ಲಿದ್ದ. ನಾನೇ ಕ್ಯಾಸೆಟ್ ಹಾಕಿದೆ, ಅಥವಾ ತಮ್ಮ ಹಾಕಿದ. ಪಿಟೀಲು ದೂರದಿಂದ, ನೀರಿನೊಳಗಿಂದ ಬಂದಂತೆ ಬಂತು. ಸರಿಯಾಗಿ ಆ ಜಾಗಕ್ಕೆ ಬರುತ್ತಿದ್ದಂತೆ ಒಂದು ಎಳೆಯ ಮಗು ಅಳಲು ಶುರು ಮಾಡಿತು. ಪರ್ತಿನ ಮಗು, ಪದ್ಮ ಆಂಟಿಯದು, ಆ ಮುಚ್ಚಿದ ಕೋಣೆಯಲ್ಲಿ ಮಲಗಿದ್ದಿರಬೇಕು. ಅದರ ಅಳುವಿನ ಹಿಂದೆ ಒಬ್ಬ ಹೆಂಗಸು ಏನೋ ಹೇಳಿದಳು. ಹೇಳಿದ್ದು ಮಾತ್ರ ತಿಳಿಯಿತು, ಏನು ಎಂಬುದು ತಿಳಿಯಲಿಲ್ಲ.

ಅಮ್ಮ ಹಿಂದಕ್ಕೆ ಸುತ್ತಿಸಿದಳು. ಮತ್ತೆ ಮಗು, ಮತ್ತೆ ಆ ಹೆಂಗಸು. ಇನ್ನೂ ಒಮ್ಮೆ ಸುತ್ತಿಸಿದಳು. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಪಾಪ, ಅದಕ್ಕೆ ಹಸಿವಾಗಿದೆ. ಯಾರಾದ್ರೂ ಎತ್ಕೋಬಾರದಾ," ಎಂದಳು.

ಮತ್ತೆ ಆ ಕ್ಯಾಸೆಟ್ಟು ಹಾಕಲಿಲ್ಲ. ಶನಿವಾರಗಳು ನಡೆದವು, ಸ್ಟ್ಯಾನಿ ಅಂಕಲ್ ಹೊಸ ಕ್ಯಾಸೆಟ್ಟುಗಳನ್ನು ತಂದರು, ಅಮ್ಮ ಎಲ್ಲರಿಗೂ ಬಡಿಸಿದಳು. ಉತ್ತರ ಹೇಳುವುದನ್ನು ಯಾವಾಗ ನಿಲ್ಲಿಸಿದಳು ಎಂದು ನನಗೆ ತಿಳಿಯಲೇ ಇಲ್ಲ. ಈಗ ಆ ಹಾಡುಗಳೆಲ್ಲ ಫೋನಿನಲ್ಲಿವೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಅದೇ ಪರೀಕ್ಷೆಯನ್ನು ಪರದೆಯ ಮೇಲೆ ನಡೆಸುತ್ತಾರೆ. ನನಗೆ ಒಂದೂ ತಪ್ಪುವುದಿಲ್ಲ, ಒಂದರಿಂದಲೂ ಮನಸ್ಸಿಗೆ ಏನೂ ಆಗುವುದಿಲ್ಲ.

ಹೋದ ವರ್ಷ ಅಮ್ಮ ನನ್ನ ಮನೆಯಲ್ಲಿದ್ದಾಗ, ಅವಳು ಒಲೆಯ ಮುಂದೆ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿರುವುದನ್ನು ಕೇಳಿ ಫೋನನ್ನು ಮೆಲ್ಲಗೆ ಕಪಾಟಿನ ಮೇಲಿಟ್ಟೆ, ರೆಕಾರ್ಡ್ ಒತ್ತಿ. ಅವಳು ನೋಡಿಬಿಟ್ಟಳು. ಒಲೆ ಸಣ್ಣ ಮಾಡಿದಳು, ಹೊಗೆಯ ಫ್ಯಾನ್ ಆರಿಸಿದಳು, ಕೈ ಒರೆಸಿಕೊಂಡು ಸುಮ್ಮನೆ ನಿಂತಳು. ನನ್ನ ರೆಕಾರ್ಡಿಂಗಿಗೆ ತನ್ನ ಗಲಾಟೆ ಅಡ್ಡ ಬರಬಾರದೆಂದು, ಅದು ಮುಗಿಯುವವರೆಗೆ, ತುಂಬ ತಾಳ್ಮೆಯಿಂದ.