ಮುಸಿಯ ಸತ್ತ ಬೇಸಿಗೆ

ಪ್ರಾಣಿ ಪಕ್ಷಿಗಳನ್ನು ನೋಡಿ ಸಂತೋಷಪಡುವುದು ಪೇಟೆಯವರ ಚಟ. ನಾವು ಕಾಡಿನ ಬುಡದಲ್ಲಿದ್ದಷ್ಟು ಕಾಲ ಅಂಥ ಸಂತೋಷ ಪಟ್ಟವರನ್ನು ನಾನು ಕಾಣೆ. ಅಲ್ಲಿ ಹಂದಿ ಎಂದರೆ ಗದ್ದೆ ಹಾಳುಮಾಡುವ ಪೀಡೆ, ಮಂಗ ಎಂದರೆ ಕಳ್ಳ. ಗಿಳಿಯನ್ನು ಕೂಡ ಬೈದೇ ಓಡಿಸುತ್ತಿದ್ದೆವು.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರು ಮುಳುಗಿದ ಮೇಲೆ ಸಾಗರದ ಅಂಚಿನಲ್ಲಿ, ಹೊಸದಾಗಿ ಮನೆಗಳು ಏಳುತ್ತಿದ್ದ ಕಡೆ, ನಾವೂ ಒಂದು ಮನೆ ಕಟ್ಟಿಕೊಂಡೆವು. ಮುಳುಗಿದ್ದಕ್ಕೆ ಅಳುವವರು ಬೇಕಾದಷ್ಟು ಅತ್ತಾಗಿದೆ, ನಾನು ಬೇರೆ ಅಳುವುದಿಲ್ಲ. ಮನೆಯಲ್ಲಿ ಇದ್ದದ್ದು ನಾನು, ಗಂಡ, ಅತ್ತೆ, ಇನ್ನೂ ಶಾಲೆಗೆ ಸೇರದ ಮಗಳು. ಮುಂದೆ ರಸ್ತೆ, ಹಿಂದೆ ದನ ಮೇಯುವ ಗುಡ್ಡ, ಬೇಲಿಯ ಮೂಲೆಯಲ್ಲಿ ಒಂದು ಹಲಸಿನ ಮರ.

ಕೈಗೆ ಕೆಲಸ ಕಡಿಮೆಯಾದಾಗ ಕಣ್ಣಿಗೆ ಕೆಲಸ ಶುರುವಾಯಿತು. ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತು. ಗುಡ್ಡದ ಕಲ್ಲುಗುಂಡಿಯಿಂದ ಮುಂಗುಸಿ ಮರಿಗಳನ್ನು ಹಿಂದಿಟ್ಟುಕೊಂಡು ಬಂದು ಬಚ್ಚಲ ನೀರು ಕುಡಿದು ಹೋಗುತ್ತಿತ್ತು. ಕೆಂಬೂತ ಮಾತ್ರ ಕಂದಾಯ ವಸೂಲಿಗೆ ಬಂದ ಪಟೇಲರ ಹಾಗೆ ಬೇಲಿಯುದ್ದಕ್ಕೂ ನಡೆಯುತ್ತಿತ್ತು. ಪಾತ್ರೆ ತಿಕ್ಕುವುದನ್ನು ಬಿಟ್ಟು ನಾನು ಅದನ್ನೇ ನೋಡುತ್ತ ಕೂತದ್ದುಂಟು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನದ ಹೊತ್ತು ಹಲಸಿನ ಮರಕ್ಕೆ ಮುಸಿಯಗಳ ಹಿಂಡು ಬರುತ್ತಿತ್ತು. ಕಪ್ಪು ಮುಖದ, ಉದ್ದ ಬಾಲದ ದೊಡ್ಡ ಮಂಗಗಳವು. ಅತ್ತೆ ಮೊದಲು ಬಾಳೆಹಣ್ಣಿನ ಸಿಪ್ಪೆ ಎಸೆದರು, ಆಮೇಲೆ ಹಣ್ಣನ್ನೇ ಎಸೆಯತೊಡಗಿದರು. ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಬರುವ ಒಂದಕ್ಕೆ 'ಬಾಣಂತಿ' ಎಂದು ಹೆಸರಿಟ್ಟು, ಬೆಲ್ಲದ ಚೂರು ಬೇರೆ.

"ಎಂತ ಅತ್ತೆ, ಊರಲ್ಲಿ ಇವಕ್ಕೇ ಕಲ್ಲು ಹೊಡಿತಿದ್ರಿ ಅಲ್ದಾ?" ಎಂದು ನಾನು ಕೆಣಕಿದೆ.

"ಅಲ್ಲಿ ತೋಟ ಇತ್ತು, ಹೊಡದಿ. ಇಲ್ಲಿ ಕಾಯಲೆ ಎಂತ ಇದ್ದು? ತಿನ್ಲಿ ಬಿಡು."

ಹೀಗೆ ಹಗೆತನ ಮುಗಿದಿತ್ತು. ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಗಳು ಹಿತ್ತಲಿನಿಂದ ಓಡಿಬಂದಳು.

"ಅಮ್ಮಾ, ಮುಸಿಯ ಮಲಗಿದ್ದು. ಎಬ್ಸಿದ್ರೂ ಏಳ್ತಿಲ್ಲೆ."

ಹೋಗಿ ನೋಡಿದರೆ ಹಲಸಿನ ಬುಡದಲ್ಲಿ ಮುಸಿಯ ಸತ್ತು ಬಿದ್ದಿದೆ. ಇವಳು ಅದರ ಬಾಲವನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೂತಿದ್ದಳಂತೆ. ನಾನು ಕೂಗಿಕೊಂಡದ್ದು ಕೇಳಿ ಪಕ್ಕದ ಮನೆಯ ಮೇಷ್ಟರ ಹೆಂಡತಿ ಬಂದರು. ಒಳ್ಳೆಯ ಹೆಂಗಸು. ನೋಡಿದವರೇ ಕೈಮುಗಿದು, ಮನೆಗೆ ಓಡಿ, ಅರಿಸಿನ ಕುಂಕುಮ, ಹೂವು, ಒಂದು ಹೊಸ ಪಂಚೆ ತಂದರು. ಪೇಟೆಯಲ್ಲಿ ಮಂಗ ಸತ್ತರೆ ಹನುಮಂತನೇ ಸತ್ತ ಲೆಕ್ಕ. ಬಟ್ಟೆ ಸುತ್ತಿ, ಹೊತ್ತು, ಮಣ್ಣು ಮಾಡಿ, ಕರ್ಪೂರ ಹಚ್ಚುತ್ತಾರೆ. ನೋಡುನೋಡುತ್ತಿದ್ದಂತೆ ಬೀದಿಯವರೆಲ್ಲ ಸೇರಿದರು.

ಅತ್ತೆ ಪೂಜೆಗೆ ಕೂತಿದ್ದವರು ಒದ್ದೆ ಸೀರೆಯಲ್ಲೇ ಎದ್ದು ಬಂದರು. "ಮುಟ್ಟಡಿ! ಯಾರೂ ಮುಟ್ಟಡಿ ಅದನ್ನ!"

"ಅಯ್ಯೋ, ಎಂಥಾ ಮಾತು ಅಮ್ಮಾ! ದೇವರು ಬಾಗ್ಲಿಗೆ ಬಂದು ಪ್ರಾಣ ಬಿಟ್ಟಾನೆ. ಹಂಗೇ ಬಿಟ್ರೆ ಪಾಪ ಸುತ್ಕೊಳ್ಳಲ್ವಾ?" ಎಂದರು ಮೇಷ್ಟರ ಹೆಂಡತಿ.

"ಮಂಗನ ಕಾಯಿಲೆ ಗೊತ್ತಿದ್ದಾ ನಿಂಗೊಕ್ಕೆ?"

"ಅದು ಕಾಡಿನೋರಿಗೆ ಬರೋದು. ಪ್ಯಾಟೆಗೆಲ್ಲಿ ಬರುತ್ತೆ!"

ಕಾಯಿಲೆ ಏನು, ಸುಂಕದ ನಾಕಾದಲ್ಲಿ ನಿಂತು ಅಪ್ಪಣೆ ಕೇಳಿ ಒಳಗೆ ಬರುತ್ತದೆಯೇ? ಆ ವರ್ಷಗಳಲ್ಲಿ ನಮ್ಮ ಕಡೆಯ ಕಾಡುಗಳಲ್ಲಿ ಮೊದಲು ಮಂಗಗಳು ಸಾಯುತ್ತಿದ್ದವು, ಹಿಂದೆಯೇ ಮನುಷ್ಯರು. ಮಂಗನ ಮೈಯ ರಕ್ತ ಹೀರುವ ಉಣುಗು ಕಚ್ಚಿದರೆ ಸಾಕು, ಜ್ವರ ಬಂದು ಮೂಗು ಬಾಯಿಯಲ್ಲಿ ರಕ್ತ. ನನ್ನ ಗಂಡನ ತಂಗಿ ಹಾಗೇ ಹೋದವಳು. ಕೊಟ್ಟಿಗೆಗೆ ಹಾಸಲು ಉದುರಿದ ಎಲೆಯ ದರಕು ತರಲು ಗುಡ್ಡಕ್ಕೆ ಹೋಗಿದ್ದಳು. ಅಲ್ಲಿ ಮಂಗ ಸತ್ತು ಬಿದ್ದದ್ದನ್ನು ಎಲ್ಲರೂ ಕಂಡಿದ್ದರು, ಮೂಗು ಮುಚ್ಚಿಕೊಂಡು ದಾಟಿ ಹೋಗಿದ್ದರು. ಆಗ ಆ ಜ್ವರಕ್ಕೆ ನಮ್ಮೂರಲ್ಲಿ ಹೆಸರೂ ಇರಲಿಲ್ಲ. ನಾನು ಮದುವೆಯಾಗಿ ಬರುವ ಮೊದಲಿನ ಮಾತು ಇದು. ಗಂಡ ಒಮ್ಮೆ ಹೇಳಿದ್ದು ಬಿಟ್ಟರೆ ಅತ್ತೆಯ ಬಾಯಲ್ಲಿ ಆ ಮಗಳ ವಿಷಯ ನಾನು ಕೇಳಿದ್ದೇ ಇಲ್ಲ.

ಅತ್ತೆ ಹಲಸು ಕೊಯ್ಯುವ ಉದ್ದನೆಯ ದೋಟಿಯಿಂದ ಒಣಸೊಪ್ಪು, ಕಟ್ಟಿಗೆಯನ್ನು ದೂರದಿಂದಲೇ ಮುಸಿಯದ ಮೇಲೆ ತಳ್ಳಿ, ಸೀಮೆಎಣ್ಣೆ ಎರಚಿ ಬೆಂಕಿ ಕೊಟ್ಟರು. ಮೇಷ್ಟರ ಹೆಂಡತಿ ತಟ್ಟೆ ಹಿಡಿದುಕೊಂಡೇ ಅಳುತ್ತಿದ್ದರು. "ಕಲ್ಲು ಮನಸ್ಸು" ಎಂದದ್ದು ನನ್ನ ಕಿವಿಗೆ ಬಿತ್ತು. ಅತ್ತೆಗೂ ಬಿದ್ದಿರಬೇಕು. "ಅಲ್ಲಿಂದ್ಲೇ ಹಾಕು ಕುಂಕುಮ, ಹತ್ರ ಬರಡ" ಎಂದರು, ಅಷ್ಟೇ.

ಆಮೇಲೆ ಮಗಳ ಸರದಿ. ಅವಳ ಲಂಗವನ್ನು ಬಿಚ್ಚಿ ಅದೇ ಬೆಂಕಿಗೆ ಹಾಕಿದರು. ತಡೆಯಲಾರದಷ್ಟು ಬಿಸಿನೀರಲ್ಲಿ ಮೀಯಿಸಿ, ಕೂದಲಿಗೆ ಎಣ್ಣೆ ಸುರಿದು, ಬೆಳಕಿಗೆ ತಿರುಗಿಸಿ ತಿರುಗಿಸಿ ಮೈಯೆಲ್ಲ ಹುಡುಕಿದರು. ಮೊಣಕಾಲಿನ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು. ಅತ್ತೆ ಅದನ್ನು ಕಿತ್ತು ಬೆಂಕಿಗೆ ಹಾಕಿ ಬಂದರು. ನಾನು ಮಗಳನ್ನು ಎತ್ತಿಕೊಂಡು ಪೇಟೆಯ ಡಾಕ್ಟರ ಹತ್ತಿರ ಓಡಿದೆ.

"ತಡೆಯೋದಕ್ಕೆ ಔಷಧಿ ಇಲ್ಲಮ್ಮ. ಜ್ವರ ಬರುತ್ತೋ ಇಲ್ವೋ ಕಾದು ನೋಡಿ. ವಾರ ಕಳೆದು ಇನ್ನೂ ನಾಕು ದಿನ ದಾಟಿದ್ರೆ ಗೆದ್ದ ಹಾಗೆ" ಎಂದರು ಡಾಕ್ಟರು. ತೀರ್ಥಹಳ್ಳಿಯ ನನ್ನ ತವರಿಗೆ ಕರೆದುಕೊಂಡು ಹೋಗೋಣವೆಂದರೆ, ಮೈಯೊಳಗೆ ಹೊಕ್ಕಿದ್ದರೆ ಅದೂ ಜೊತೆಗೇ ಬರುವುದಲ್ಲವೆ? ಕಾದೆವು.

ಆ ದಿನದಿಂದ ಅತ್ತೆ ನನ್ನ ಮಗಳನ್ನು ಸತ್ತ ಮಗಳ ಹೆಸರು ಹಿಡಿದು ಕರೆಯತೊಡಗಿದರು. ಬಾಯಿ ತಪ್ಪಿತು ಎಂದುಕೊಂಡೆ. ತಪ್ಪಿದ್ದಲ್ಲ. ಉಣ್ಣಲು, ಮೀಯಲು, ಮಲಗಲು, ಎಲ್ಲಕ್ಕೂ ಅದೇ ಹೆಸರು. ಹೊಸ್ತಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಮಗಳು ಆಟವೆಂದು ಓಗೊಡುತ್ತಿದ್ದಳು. ಗಂಡ ಒಂದು ದಿನ ಊಟದ ಮಧ್ಯೆ ಎದ್ದು ಕೈತೊಳೆದುಬಿಟ್ಟರು. ನನಗೆ ಮೈ ಉರಿಯಿತು, ಹೆದರಿಕೆಯೂ ಆಯಿತು. ಬದುಕಿರುವ ಮಗುವಿಗೆ ಸತ್ತವಳ ಹೆಸರೇ? ಅಪಶಕುನ ಅಲ್ಲವೆ? ಮುದುಕಿಗೆ ಅರಳುಮರಳು ಹಿಡಿಯಿತು ಎಂದುಕೊಂಡೆ. ಹಿತ್ತಲಿಗೆ ಏನೇನು ಬಂತೋ ಹೋಯಿತೋ, ಯಾರು ನೋಡಿದರು.

ಜ್ವರ ಬರಲಿಲ್ಲ. ಡಾಕ್ಟರು ಮತ್ತೆ ನೋಡಿ, ನಾಲಿಗೆ ಚಾಚಿಸಿ, ಇನ್ನು ಭಯವಿಲ್ಲ ಎಂದರು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸುದ್ದಿ ಹೇಳುವ ಮೊದಲೇ ಮತ್ತೆ ಅದೇ ಹೆಸರು ಕೂಗಿದರು. ಮಗಳಿಗೆ ಆಟ ಬೇಸರ ಬಂದಿತ್ತು. ಕಾಲು ಅಪ್ಪಳಿಸಿ, "ಅಜ್ಜೀ, ಎನ್ನ ಹೆಸ್ರು ಅದಲ್ಲ!" ಎಂದು ಅತ್ತೇಬಿಟ್ಟಳು.

ನಾನು ಅತ್ತೆಗೆ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಮೊಮ್ಮಗಳನ್ನು ಹತ್ತಿರಕ್ಕೆಳೆದುಕೊಂಡು, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳದೇ ಹೆಸರು ಹಿಡಿದು ಕರೆದರು.

"ಎಂಗೆ ಗೊತ್ತಿದ್ದೇ ಕೂಸೆ, ನಿನ್ನ ಹೆಸ್ರು ಅದಲ್ಲ ಹೇಳಿ. ಆ ಜ್ವರ ಹುಡುಕ್ಯಂಡು ಬಂದ್ರೆ ಅದ್ರ ಕಿವಿಗೆ ಆ ಹೆಸ್ರೇ ಬೀಳ್ಲಿ ಹೇಳಿ ಕರದಿ. ಆ ಹೆಸ್ರಿನವಳನ್ನ ಆಗ್ಲೇ ಒಂದ್ಸಲ ತಗಂಡು ಹೋಯ್ದಲೆ, ಮತ್ತೆ ಎಂತಕ್ಕೆ ಬತ್ತು?"