ಓಲೆಗೆ ಸತ್ತವಳಿಗೊಂದು ಫಲಕ

ನನ್ನ ಅತ್ತೆಗೆ ಕಿವಿ ಕೇಳುವುದಿಲ್ಲ. ಆದರೆ ಅವರಿಗೆ ತಿಳಿಯದ ಮಾತು ನಮ್ಮ ಮನೆಯಲ್ಲಿ ಒಂದೂ ಇಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಯಾವುದೋ ಸಿಟ್ಟಿಗೆ ಅಡುಗೆಮನೆಯಲ್ಲಿ ನಿಂತು ಬಾಯೊಳಗೇ ಅವರನ್ನು ಬೈದುಕೊಂಡೆ. ಹಜಾರದ ಆ ತುದಿಯಲ್ಲಿ ಕೂತಿದ್ದವರು ತಲೆಯೆತ್ತಿ, "ಮುದುಕಿ ಅಂದ್ಯಲ್ಲ, ಅದು ಪರವಾಗಿಲ್ಲ. ಪಿಶಾಚಿ ಅಂದಿದ್ದು ಸ್ವಲ್ಪ ಜಾಸ್ತಿ ಆಯ್ತು" ಅಂದರು. ನನ್ನ ಕೈಯಲ್ಲಿದ್ದ ಸೌಟು ಜಾರಿ ನೆಲಕ್ಕೆ ಬಿತ್ತು.

ಅವರು ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. ಅಷ್ಟೂ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವರಿಗೆ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಅಲ್ಲಿನ ಹೆಂಗಸರು ದನಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಗಂಡನ ಮೇಲಿನ ದೂರು, ನಾದಿನಿಯ ಚಾಡಿ, ಮೇಸ್ತ್ರಿಯ ಅಣಕ ಎಲ್ಲವೂ ಸಾಲಿನ ಈ ಕೊನೆಯಿಂದ ಆ ಕೊನೆಗೆ ಸದ್ದಿಲ್ಲದೆ ಹೋಗುತ್ತಿತ್ತು. ಮಗ್ಗಗಳು ಅತ್ತೆಯ ಕಿವಿ ತಿಂದವು, ತುಟಿಮಾತು ಉಳಿಯಿತು. ಅದನ್ನೇ ಮಗನಿಗೂ ಕಲಿಸಿದರು. ತಾಯಿ ಮಗ ಎದುರುಬದುರು ಕೂತು ಸದ್ದಿಲ್ಲದೆ ಬಾಯಾಡಿಸುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷವಾದರೂ ನನಗೆ ಅದರ ತಲೆಬುಡ ಅರ್ಥವಾಗುವುದಿಲ್ಲ.

ಆ ಗಿರಣಿ ಈಗಿಲ್ಲ. ಅರ್ಧ ಬೆಂಕಿಗೆ ಹೋಯಿತು, ಇನ್ನರ್ಧವನ್ನು ಆಮೇಲೆ ಕೆಡವಿದರು. ಉಳಿದದ್ದು ಹಿಂಬದಿಯ ಕೂಸಿನ ಕೋಣೆ ಮಾತ್ರ. ಕೆಲಸಕ್ಕೆ ಬರುವ ತಾಯಂದಿರು ಮಕ್ಕಳನ್ನು ಆಯಾ ಕೈಗೆ ಕೊಟ್ಟು ಹೋಗುತ್ತಿದ್ದ ಜಾಗ ಅದು. ಈಗ ಅಲ್ಲಿ ಸೈಕಲ್ ನಿಲ್ಲಿಸುತ್ತಾರೆ. ಅದರ ಗೋಡೆಯಲ್ಲೊಂದು ಗೂಡಿದೆ. ಓಲೆ ಮಗ್ಗಕ್ಕೆ ಸಿಕ್ಕಿ ಕಿವಿ ಹರಿಯಬಾರದು ಅಂತ ಹೆಂಗಸರು ಕೆಲಸಕ್ಕೆ ಮುಂಚೆ ಓಲೆ ಬಿಚ್ಚಿ ಡಬ್ಬಿಗೆ ಹಾಕಿ, ಆಯಾಳ ಕಣ್ಣೆದುರಿಗೆ ಆ ಗೂಡಿನಲ್ಲಿ ಇಡುತ್ತಿದ್ದರು.

ಆ ಗೂಡೇ ಒಬ್ಬಳ ಹೆಸರು ಕೆಡಿಸಿತು. ಅತ್ತೆಯ ಪಕ್ಕದ ಮಗ್ಗದವಳು. ನಿಂತಲ್ಲಿ ನಿಲ್ಲದವಳು ಅಂತ ಎಲ್ಲರೂ ಅವಳನ್ನು ಗಿರಗಿಟ್ಲೆ ಅನ್ನುತ್ತಿದ್ದರು. ಬೆಂಕಿ ಬಿದ್ದ ದಿನ ಎಲ್ಲರೂ ಮುಂಬಾಗಿಲಿಗೆ ಓಡಿದರೆ ಗಿರಗಿಟ್ಲೆ ಕೂಸಿನ ಕೋಣೆಗೆ ಓಡಿದಳು, ಹೊಗೆಯಲ್ಲಿ ಉಸಿರುಗಟ್ಟಿ ಸತ್ತಳು. ಮಕ್ಕಳನ್ನೆಲ್ಲ ಆಯಾ ಆಗಲೇ ಹೊರಗೆ ತಂದಿದ್ದಳು ಅಂತ ಎಲ್ಲರೂ ನಂಬಿದ್ದರು. ಹಾಗಾದರೆ ಒಳಗೆ ಉಳಿದದ್ದೇನು? ಓಲೆ. ಅವಳು ಹೊಸ ಓಲೆ ಮಾಡಿಸಿಕೊಂಡು ತಿಂಗಳೂ ಆಗಿರಲಿಲ್ಲ. ಸರಿ, ಅಂದಿನಿಂದ ಊರಿಗೆಲ್ಲ ಅವಳು 'ಓಲೆಗೆ ಸತ್ತವಳು'. ಹೆಣ್ಣುಮಕ್ಕಳು ಒಡವೆಗೆ ಹಟ ಹಿಡಿದರೆ ಅವಳ ಕಥೆ ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ನನ್ನ ತಾಯಿ ನನಗೂ ಹೇಳಿದ್ದಳು.

ಈ ವರ್ಷ ಪುರಸಭೆಯವರು ಊರಿನ ಹಳೆಯ ಜಾಗಗಳಿಗೆ ನೆನಪಿನ ಫಲಕ ಹಾಕುತ್ತೇವೆ, ಯಾವ ಜಾಗ ಅಂತ ಜನರೇ ಹೇಳಿ ಅಂದರು. ಅತ್ತೆ ಆವತ್ತೇ ನನ್ನ ಮುಂದೆ ಬಂದು ಕೂತರು.

"ಕೂಸಿನ ಕೋಣೆಗೆ ಫಲಕ ಬೇಕು ಅಂತ ಬರಿ. ಗಿರಗಿಟ್ಲೆ ಹೆಸರಲ್ಲಿ."

"ಓಲೆಗೆ ಸತ್ತೋಳಿಗಾ?"

"ಬಾಯಿ ಮುಚ್ಚು! ಅವಳು ಓಲೆಗೆ ಹೋಗಿದ್ದಲ್ಲ. ಒಂದು ಮಗು ಒಳಗೇ ಉಳಿದುಬಿಟ್ಟಿತ್ತು. ಅದನ್ನ ಹಿಂದಿನ ಕಿಟಕಿಯಿಂದ ಎತ್ತಿ ಕೊಟ್ಳು."

ನಾನು ಪೆನ್ನು ಕೆಳಗಿಟ್ಟೆ. "ಯಾರ ಮಗು ಅತ್ತೆ?"

"ಯಾವುದೋ ಮಗು."

"ಯಾರ ಕೈಗೆ ಕೊಟ್ಳು?"

"ನಿಂಗ್ಯಾಕೆ ಅಧಿಕಪ್ರಸಂಗ? ಬರಿ ಅಂದ್ರೆ ಬರಿ."

ಬರೆದೆ. ನನ್ನ ಗಂಡ ಇದೇ ಪುರಸಭೆಯ ನೀರು ವಿಭಾಗದಲ್ಲಿ ಗುಮಾಸ್ತರು. ಸಂಜೆ ಬಂದವರು ಅದನ್ನು ಓದಿ ನನ್ನ ಮೇಲೆ ರೇಗಿದರು. "ಅಮ್ಮಂಗೆ ಮಾಡೋಕೆ ಕೆಲಸ ಇಲ್ಲ, ನಿಂಗೆ ಬುದ್ಧಿ ಇಲ್ಲ. ನಾಳೆ ಆಫೀಸಲ್ಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?" ಎತ್ತಿಕೊಂಡು ಓಡಾಡುವಷ್ಟು ಭಾರದ ತಲೆಯೇನೂ ಅಲ್ಲ ಅಂತ ನಾನೂ ಅಂದೆ. ಆ ವಾರವೆಲ್ಲ ನಮ್ಮಿಬ್ಬರಿಗೆ ಮಾತಿರಲಿಲ್ಲ.

ಫಲಕದ ಅರ್ಜಿಗಳ ವಿಚಾರಣೆಯ ದಿನ ಪುರಸಭೆಯ ಉದ್ದನೆಯ ಸಭಾಂಗಣದಲ್ಲಿ ಅತ್ತೆ ಮತ್ತು ನಾನು ಹಿಂದಿನ ಬೆಂಚಿನಲ್ಲಿ ಕೂತೆವು. ಆ ತುದಿಯ ಮೇಜಿನಲ್ಲಿ ಸಮಿತಿಯವರು, ಅವರ ಹಿಂದೆ ಆವತ್ತಿನ ಮಟ್ಟಿಗೆ ಫೈಲು ಹಿಡಿದು ನಿಂತ ನಮ್ಮ ಮಹಾರಾಯರು. ಅತ್ತೆಯ ಸರದಿ ಬಂತು. ಅಧ್ಯಕ್ಷರು ಒಳ್ಳೆಯ ಮನುಷ್ಯ, ಅತ್ತೆಗೆ ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಮಾತಾಡಿದರು.

"ನೋಡಿ ತಾಯಿ, ಊರಿಗೆಲ್ಲ ಒಂದು ಕಥೆ ಗೊತ್ತಿದೆ, ನೀವು ಬೇರೆ ಹೇಳ್ತಿದೀರಿ. ಆ ಮಗು ಯಾವುದು, ಕಣ್ಣಾರೆ ನೋಡಿದವರು ಯಾರು, ಅಷ್ಟು ಹೇಳಿ ಸಾಕು. ಯಾವುದೋ ಮಗು ಅಂದ್ರೆ ಕಲ್ಲಿನ ಮೇಲೆ ಹೇಗೆ ಕೆತ್ತಿಸ್ಲಿ? ಆಗಲ್ಲ ಅಂದ್ರೆ ಇದನ್ನ ಇಲ್ಲಿಗೇ ಬಿಡಬೇಕಾಗುತ್ತೆ."

ಅತ್ತೆ ಬಾಯಿ ಬಿಡಲಿಲ್ಲ. ನಾನು ಅವರ ತೊಡೆ ಚಿವುಟಿದೆ. ಊಹ್ಞೂಂ. ಇಷ್ಟು ಹಟ ಹಿಡಿದು ಬಂದು ಈಗ ಕಲ್ಲಿನ ಹಾಗೆ ಕೂತರಲ್ಲ ಅಂತ ನನಗೆ ಅಳುವೇ ಬಂತು.

ಅಷ್ಟರಲ್ಲಿ ನನ್ನ ಗಂಡ ಬಗ್ಗಿ ಅಧ್ಯಕ್ಷರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅತ್ತೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನಂತೆ?" ಅಂದೆ.

"ಓಲೆ ಆಸೆಗೆ ಸತ್ತೋಳಿಗೆ ಕಲ್ಲು ಹಾಕಿದ್ರೆ ಊರು ನಗುತ್ತೆ ಸಾರ್, ಅಂದ. ಅಮ್ಮಂಗೆ ವಯಸ್ಸಾಯ್ತು, ಏನೇನೋ ಬಡಬಡಿಸ್ತಾಳೆ, ಅಂದ."

ಗಿರಣಿಯವಳ ಎದುರಿಗೆ ಪಿಸುಗುಟ್ಟುವುದೂ ಒಂದೇ, ಕೂಗಿ ಹೇಳುವುದೂ ಒಂದೇ. ಅದು ಅವಳ ಮಗನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆ ಗಳಿಗೆಯಲ್ಲಿ ಅವರಿಗೆ ಮರೆತೇಹೋಗಿತ್ತು.

ಅತ್ತೆ ಎದ್ದು ನಿಂತರು. ಮಗನನ್ನೇ ನೋಡುತ್ತ ತುಟಿ ಆಡಿಸಿದರು, ದನಿ ಇಲ್ಲದೆ. ಸಭೆಯಲ್ಲಿದ್ದವರೆಲ್ಲ ಮುದುಕಿಗೆ ಗಂಟಲು ಕಟ್ಟಿದೆ ಅಂದುಕೊಂಡರೇನೋ, ಯಾರೋ ನೀರು ತರಲು ಎದ್ದರು. ನನ್ನ ಗಂಡ ಮೊದಲು ಹುಬ್ಬು ಗಂಟಿಕ್ಕಿ ನೋಡಿದರು. ಆಮೇಲೆ ಕೈಯಲ್ಲಿದ್ದ ಫೈಲು ಜಾರಿ ಹಾಳೆಗಳೆಲ್ಲ ನೆಲದ ಮೇಲೆ ಹರಡಿದವು.

"ನನ್ನನ್ನಾ?" ಅಂತ ಕೂಗಿದರು.

ಎಲ್ಲರೂ ಬೆಚ್ಚಿಬಿದ್ದರು. ಯಾರೂ ಏನೂ ಕೇಳಿರಲಿಲ್ಲ, ಇವರೊಬ್ಬರೇ ಉತ್ತರಿಸಿದ್ದರು.

"ನನ್ನನ್ನಾ ಅಮ್ಮಾ?"

ಯಾವುದೋ ಮಗುವಂತೆ! ನಾನು ಕಟ್ಟಿಕೊಂಡವನು, ನನ್ನ ಮಕ್ಕಳ ಅಪ್ಪ! ಅಯ್ಯೋ ದೇವರೇ, ಆ ಗಿರಗಿಟ್ಲೆ ಅವತ್ತು ಮುಂಬಾಗಿಲಿಗೆ ಓಡಿದ್ದರೆ ಈ ಸಂಸಾರವೇ ಇರುತ್ತಿರಲಿಲ್ಲ. ಭಯ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಅಷ್ಟು ಜನರ ನಡುವೆ ಅತ್ತೆಯ ಭುಜ ಹಿಡಿದು ತಿರುಗಿಸಿ ಕೇಳಿಯೇಬಿಟ್ಟೆ.

"ಇಷ್ಟು ವರ್ಷ ಅವಳನ್ನ ಊರವರ ಬಾಯಿಗೆ ಕೊಟ್ರಲ್ಲಾ! ಹೇಗೆ ಮನಸ್ಸು ಬಂತು ನಿಮಗೆ?"

ಅತ್ತೆ ಈ ಸಲ ದನಿ ಎತ್ತಿಯೇ ಹೇಳಿದರು. "ಆಯಾ ತಂದ ಮಕ್ಕಳಲ್ಲಿ ಇವನಿರಲಿಲ್ಲ. ನಾನು ಸುತ್ತಿಕೊಂಡು ಹಿಂದಕ್ಕೆ ಓಡೋ ಹೊತ್ತಿಗೆ ಅವಳು ಇವನನ್ನ ಎತ್ಕೊಂಡು ಕಿಟಕೀಲಿ ನಿಂತಿದ್ಲು. ಮಗು ತೂರೋ ಅಷ್ಟೇ ಕಿಟಕಿ ಅದು, ಆ ಕಡೆ ಬೇರೆ ಯಾರೂ ಇರಲಿಲ್ಲ. ಮಗು ಎತ್ಕೊಂಡು ಮುಂದೆ ಬಂದೆ, ಇವನನ್ನೂ ಆಯಾನೇ ತಂದಿದ್ದು ಅಂದ್ಕೊಂಡ್ರು ಎಲ್ಲರೂ. ಸುಮ್ನಿದ್ದೆ. ನಿನಗೋಸ್ಕರ ಒಬ್ಬಳು ಸತ್ಲು ಅನ್ನೋ ಮಾತು ಕೇಳ್ಕೊಂಡು ಇವನು ಬೆಳೀಬಾರದು ಅಂತ ಸುಮ್ನಿದ್ದೆ. ಅವಳ ಮರ್ಯಾದೆ ಹೋದ್ರೆ ಹೋಗ್ಲಿ, ನನ್ನ ಮಗ ಚೆನ್ನಾಗಿರ್ಲಿ ಅಂದ್ಕೊಂಡೆ. ಪಾಪಿ ನಾನು."

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆಕೆ ಏನಾದ್ರೂ ಹೇಳಿದ್ರಾ ತಾಯಿ, ಕೊನೇಲಿ?" ಅಂದರು.

ಅತ್ತೆ ಹೇಳಲು ಹೋದರು, ದನಿ ಬರಲಿಲ್ಲ. ಬರೀ ತುಟಿ ಆಡಿತು. ಅಷ್ಟು ಜನರಲ್ಲಿ ಅದನ್ನು ಓದಬಲ್ಲವರು ನನ್ನ ಗಂಡ ಒಬ್ಬರೇ. ಬಿದ್ದ ಹಾಳೆಗಳನ್ನು ತುಳಿದುಕೊಂಡೇ ಬಂದು ತಾಯಿಯ ಎದುರು ನಿಂತು, ಒಂದೊಂದೇ ಮಾತನ್ನು ಸಭೆಗೆ ಹೇಳಿದರು.

"ಬೆಂಕಿ ಸದ್ದಿಗೆ ದನಿ ಕೇಳ್ತಿರಲಿಲ್ಲವಂತೆ. ತುಟೀಲೇ ಕೇಳಿದ್ಲಂತೆ, ಹಿಡ್ಕೊಂಡ್ಯಾ ಅಂತ. ಅಮ್ಮ ಹಿಡ್ಕೊಂಡೆ ಅಂದ್ಲಂತೆ. ಅವಳು ನಕ್ಳಂತೆ. ಆಮೇಲೆ ಕಿಟಕೀಲಿ ಹೊಗೆ ಬಿಟ್ರೆ ಏನೂ ಕಾಣಲಿಲ್ಲವಂತೆ."

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಪೆನ್ನು ಎತ್ತಿಕೊಂಡರು. "ಮಗುವಿನ ಹೆಸರು?" ಅಂತ ಮೆಲ್ಲಗೆ ಕೇಳಿದರು.

ನನ್ನ ಗಂಡ ತಮ್ಮ ಹೆಸರು ಹೇಳಿದರು.